ಎಸಿ ಗ್ಯಾಸ್ ಖಾಲಿ ಆಗಿಲ್ಲ, ಧೂಳು ತುಂಬೇತಿ: ಬ್ಯಾಸಗಿಗೆ ಮುಂಚೆ ತಿಳ್ಕೋಬೇಕಾದ ಮಾತು

ನವಲಗುಂದ, ಅಣ್ಣಿಗೇರಿ ಭಾಗದಲ್ಲಿ ಕಡಲೆ, ಜೋಳ, ಗೋಧಿ ರಾಶಿ ಮುಗಿಯುವ ಹೊತ್ತಿಗೆ ಬಿಸಿಲು ಏರತೊಡಗುತ್ತದೆ. ಯುಗಾದಿ ಹತ್ತಿರ ಬಂದಂತೆ ಏಳೆಂಟು ತಿಂಗಳಿಂದ ಗೋಡೆ ಮೇಲೆ ಸುಮ್ಮನೆ ಕುಂತಿದ್ದ ಎಸಿಯನ್ನು ಮನೆ, ಅಂಗಡಿಗಳಲ್ಲಿ ಮತ್ತೆ ಹಚ್ಚುತ್ತಾರೆ. ಸಪ್ಪಳ ಬರುತ್ತದೆ, ತಂಪು ಬರುವುದಿಲ್ಲ. ಹುಬ್ಬಳ್ಳಿಗೋ ತಾಲ್ಲೂಕು ಊರಿಗೋ ಫೋನ್ ಮಾಡಿದರೆ ಬರುವ ಮೊದಲ ಉತ್ತರ: ‘ಗ್ಯಾಸ್ ಖಾಲಿ ಆಗಿರಬೇಕ್ರಿ, ತುಂಬಿಸಬೇಕು.’ ಬಂದು ಹೋಗುವ ಖರ್ಚು, ಗ್ಯಾಸ್ ಖರ್ಚು ಎಲ್ಲ ಸೇರಿ ಸಾವಿರಗಟ್ಟಲೆ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ ಬಿಲ್ಲು.

ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಈ ಖರ್ಚು ಬಹಳಷ್ಟು ಉಳಿಯುತ್ತದೆ. ಎಸಿ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್ ಇದ್ದಂತೆ ಅಲ್ಲ. ಬಳಸಿದಂತೆ ಅದು ತೀರುವುದಿಲ್ಲ. ಪೈಪಿನಲ್ಲಿ ಎಲ್ಲೋ ತೂತು ಬಿದ್ದು ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ನಮ್ಮ ಎರೆ ಭೂಮಿಯ ಊರುಗಳಲ್ಲಿ ಎಸಿ ತಂಪು ಕೊಡದಿದ್ದರೆ ಮೊದಲು ಅನುಮಾನಪಡಬೇಕಾದ್ದು ಧೂಳನ್ನು.

ಎಸಿ ತಂಪು ತಯಾರಿಸೋದಿಲ್ಲ

ಹೊಲದ ಪಂಪ್‌ಸೆಟ್ ನೀರನ್ನು ತಯಾರಿಸುವುದಿಲ್ಲ. ಹಳ್ಳದಲ್ಲೋ ಬಾವಿಯಲ್ಲೋ ಇರುವ ನೀರನ್ನು ಎತ್ತಿ ಬೇರೆ ಕಡೆ ಹಾಕುತ್ತದೆ, ಅಷ್ಟೇ. ಎಸಿ ಕೆಲಸವೂ ಹಾಗೆಯೇ. ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಒಳಗೆ ಉಳಿಯುವುದೇ ತಂಪು.

ಶಾಖವನ್ನು ಎತ್ತುವ ಬಗೆ ನಮ್ಮ ಮನೆಯ ಮಣ್ಣಿನ ಹರವಿಯಲ್ಲೇ ಇದೆ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಅದಕ್ಕೇ ನೀರು ತಣ್ಣಗಿರುತ್ತದೆ. ಎಸಿಯಲ್ಲಿ ನೀರಿನ ಬದಲು ಈ ಗ್ಯಾಸ್ ಇರುತ್ತದೆ. ಒಳಗಿನ ಪೆಟ್ಟಿಗೆಯ ತಾಮ್ರದ ಅಥವಾ ಅಲ್ಯೂಮಿನಿಯಂ ಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ಅದು ದ್ರವದಿಂದ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕಾಯಿಲ್ ಮತ್ತು ಫ್ಯಾನ್ ಆ ಬಿಸಿಯನ್ನು ಗಾಳಿಗೆ ಬಿಡುತ್ತವೆ. ಗ್ಯಾಸ್ ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಹರವಿಯ ನೀರು ಗಾಳಿಗೆ ಹೋದದ್ದು ಹೋಯಿತು. ಎಸಿ ಗ್ಯಾಸ್ ಮಾತ್ರ ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಸೋರದಿದ್ದರೆ ಮೊದಲ ದಿನ ಎಷ್ಟಿತ್ತೋ ಹತ್ತು ವರ್ಷದ ಮೇಲೂ ಅಷ್ಟೇ ಇರುತ್ತದೆ.

ಹಾಗಾದರೆ ತಂಪು ಕಡಿಮೆ ಆಗುವುದೇಕೆ? ಗ್ಯಾಸ್ ಶಾಖ ಹೀರಬೇಕಾದರೆ ಒಳಗಿನ ಕಾಯಿಲ್ ಮೇಲೆ ಕೋಣೆಯ ಗಾಳಿ ಹಾಯಬೇಕು. ಶಾಖ ಬಿಡಬೇಕಾದರೆ ಹೊರಗಿನ ಕಾಯಿಲ್ ಮೇಲೆ ಹೊರಗಿನ ಗಾಳಿ ಹಾಯಬೇಕು. ಎರಡರಲ್ಲಿ ಯಾವುದಕ್ಕೆ ಧೂಳು ಕಟ್ಟಿದರೂ ಕಂಪ್ರೆಸರ್ ದುಡಿಯುತ್ತಲೇ ಇರುತ್ತದೆ, ಕರೆಂಟ್ ಸುಡುತ್ತಲೇ ಇರುತ್ತದೆ, ಶಾಖ ಮಾತ್ರ ಅಲ್ಲೇ ಉಳಿಯುತ್ತದೆ.

ಎರೆಮಣ್ಣಿನ ಧೂಳು ಬೇರೆ ಊರಿನ ಧೂಳಲ್ಲ

ಎರೆಮಣ್ಣಿನ ಗುಣ ನಮಗೆಲ್ಲ ಗೊತ್ತು. ಒಣಗಿದರೆ ಹಿಟ್ಟಿನಂತೆ ಹಾರುತ್ತದೆ, ನೆನೆದರೆ ಕಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಎಸಿ ಒಳಗೂ ಅದೇ ಆಟ. ಎಸಿ ನಡೆಯುವಾಗ ಗಾಳಿಯ ತೇವ ತಣ್ಣನೆಯ ಕಾಯಿಲ್ ಮೇಲೆ ನೀರ ಹನಿಯಾಗಿ ಕಟ್ಟುತ್ತದೆ. ಹೀಗಾಗಿ ಆ ಕಾಯಿಲ್ ಸದಾ ಒದ್ದೆ. ಜಾಳಿಗೆ ಫಿಲ್ಟರ್ ದಾಟಿ ಬಂದ ನುಣ್ಣನೆ ಧೂಳು ಅಲ್ಲಿ ಕೆಸರಾಗಿ ಅಂಟುತ್ತದೆ, ಎಸಿ ಬಂದ್ ಮಾಡಿದಾಗ ಒಣಗಿ ಗಟ್ಟಿಯಾಗುತ್ತದೆ. ಅದೇ ಕೆಸರು ನೀರು ಹೊರಹೋಗುವ ಸಣ್ಣ ಪೈಪಿನಲ್ಲಿ ಕೂಡುತ್ತದೆ. ‘ಎಸಿಯಿಂದ ಗ್ವಾಡಿ ಮ್ಯಾಲೆ ನೀರು ಸೋರಾಕತ್ತೇತಿ’ ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಈ ಪೈಪ್ ಕಟ್ಟಿರುವುದೇ ಹೊರತು ಎಸಿ ಕೆಟ್ಟಿರುವುದಲ್ಲ.

ಕಾಲಮಾನವೂ ನಮಗೆ ಎದುರಾಗಿದೆ. ಹಿಂಗಾರಿ ರಾಶಿಯ ಹೊಟ್ಟು, ದೂಳಿ ಹಾರುವುದು ಜನವರಿಯಿಂದ ಮಾರ್ಚ್‌ವರೆಗೆ. ಎಸಿ ಜೋರಾಗಿ ನಡೆಯಬೇಕಾದ್ದು ಅದರ ಬೆನ್ನಿಗೇ, ಏಪ್ರಿಲ್ ಮತ್ತು ಮೇನಲ್ಲಿ. ಕುಂದಗೋಳ ಕಡೆ ಮೆಣಸಿನಕಾಯಿ ಒಣಗಿಸುವ ಕಣ, ಹತ್ತಿ ಕೂಡಿಡುವ ಜಾಗ ಹತ್ತಿರವಿದ್ದರೆ ಎಳೆ, ಖಾರದ ಧೂಳೂ ಸೇರುತ್ತದೆ. ಕಲಘಟಗಿ ಕಡೆ ಮಳೆ ಜಾಸ್ತಿ, ಧೂಳಿನ ಕಾಟ ಸ್ವಲ್ಪ ಕಡಿಮೆ. ಆದರೆ ಮಳೆಗಾಲದ ತಿಂಗಳುಗಳಲ್ಲಿ ಬಂದ್ ಇದ್ದ ಎಸಿಯಲ್ಲಿ ಬೂಸು ಬೆಳೆಯುತ್ತದೆ, ಹೊರಗಿನ ಪೆಟ್ಟಿಗೆಯಲ್ಲಿ ಇರುವೆ, ಹಲ್ಲಿ ಮನೆ ಮಾಡುತ್ತವೆ, ಇಲಿ ವೈರ್ ಕಡಿಯುತ್ತದೆ. ಹಚ್ಚಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಒಳಗೆ ಬೂಸು ಇದೆ ಅಂತಲೇ ಲೆಕ್ಕ.

ಅದಕ್ಕೇ ನಮ್ಮ ಕಡೆ ಸರ್ವಿಸ್ ಮಾಡಿಸಲು ಸರಿಯಾದ ಹೊತ್ತು ರಾಶಿ ಮುಗಿದ ಮೇಲೆ, ಯುಗಾದಿಗೆ ಮುಂಚೆ. ಜನವರಿಯಲ್ಲಿ ಮಾಡಿಸಿದರೆ ಮತ್ತೆ ಧೂಳು ಕೂಡುತ್ತದೆ. ಏಪ್ರಿಲ್‌ನಲ್ಲಿ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ.

ಫಿಲ್ಟರ್ ನೀವೇ ತೊಳೀರಿ

ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಮೊದಲು ರಿಮೋಟ್‌ನಿಂದಲ್ಲ, ಗೋಡೆಯ ಸ್ವಿಚ್ ಅಥವಾ ಎಂಸಿಬಿಯಿಂದಲೇ ಕರೆಂಟ್ ಬಂದ್ ಮಾಡ್ರಿ. ಒಳಗಿನ ಪೆಟ್ಟಿಗೆಯ ಮುಂದಿನ ಮುಚ್ಚಳ ಮೇಲಕ್ಕೆತ್ತಿದರೆ ಎರಡು ಜಾಳಿಗೆ ಚೌಕಟ್ಟು ಕಾಣುತ್ತವೆ. ಸ್ವಲ್ಪ ಎತ್ತಿ ಕೆಳಕ್ಕೆ ಎಳೆದರೆ ಕೈಗೆ ಬರುತ್ತವೆ. ಧೂಳು ಕೂತ ಬದಿಯ ಹಿಂಬದಿಯಿಂದ ನಳದ ನೀರು ಬಿಡ್ರಿ, ಆಗ ಧೂಳು ಬಂದ ದಾರಿಯಲ್ಲೇ ಹೊರಗೆ ಬೀಳುತ್ತದೆ. ಜಿಡ್ಡಿದ್ದರೆ ಸ್ವಲ್ಪ ಸಾಬೂನು ನೀರು, ಮೆತ್ತನೆ ಬ್ರಶ್ ಸಾಕು. ಬಿಸಿನೀರು ಬೇಡ. ನೆರಳಲ್ಲೇ ಒಣಗಿಸ್ರಿ, ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟ ಆಗುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕ್ರಿ. ಫಿಲ್ಟರ್ ಇಲ್ಲದೆ ‘ಇವತ್ತೊಂದಿನ ನಡೀಲಿ’ ಅಂತ ಎಸಿ ಹಚ್ಚಬೇಡಿ, ಧೂಳೆಲ್ಲ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ.

ದಿನಾ ಬಳಸುವವರು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ರಾಶಿ ಹೊತ್ತಿನಲ್ಲಿ, ರಸ್ತೆ ಬದಿಯ ಮನೆ, ಅಂಗಡಿಗಳಲ್ಲಿ ವಾರಕ್ಕೊಮ್ಮೆ.

ಹೊರಗಿನ ಪೆಟ್ಟಿಗೆಯ ಸುತ್ತ ಗಾಳಿ ಆಡಲು ಜಾಗ ಇರಲಿ. ಅದರ ಮುಂದೆ ಚೀಲ ಒಟ್ಟುವುದು, ಧೂಳು ಬೀಳಬಾರದೆಂದು ಎಸಿ ನಡೆಯುವಾಗಲೂ ತಾಡಪಾಲ ಹೊದಿಸುವುದು, ಎರಡೂ ತಪ್ಪು. ನೆಲದ ಮೇಲೋ ಮಾಳಿಗೆ ಮೇಲೋ ಕೈಗೆ ಸಿಗುವಂತಿದ್ದರೆ ಕರೆಂಟ್ ಬಂದ್ ಮಾಡಿ ಹಿಂದಿನ ಕಾಯಿಲ್‌ಗೆ ಮೆಲ್ಲಗೆ ನೀರು ಬಿಡಬಹುದು. ವಾಹನ ತೊಳೆಯುವ ಪ್ರೆಶರ್ ಪಂಪ್ ಹಿಡಿದರೆ ತೆಳು ತಗಡಿನ ಎಲೆಗಳು ಮಡಚಿ ಗಾಳಿ ದಾರಿಯೇ ಮುಚ್ಚುತ್ತದೆ. ಎರಡನೇ ಮಹಡಿಯ ಗೋಡೆಗೆ ತೂಗುಹಾಕಿದ ಪೆಟ್ಟಿಗೆಗೆ ಮಾತ್ರ ನೀವು ಏಣಿ ಹಚ್ಚಬೇಡಿ, ಅದು ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡುವವರಿಗೆ ಬಿಡ್ರಿ.

200 ಯೂನಿಟ್ ಗೆರೆ ಮತ್ತು ಒಂದು ಫಿಲ್ಟರ್

ಧೂಳಿನ ಲೆಕ್ಕ ಹೆಸ್ಕಾಂ ಬಿಲ್ಲಿನಲ್ಲೂ ಕಾಣುತ್ತದೆ. ಗೃಹಜ್ಯೋತಿ 2023ರ ಜುಲೈನಿಂದ ಜಾರಿಯಲ್ಲಿದೆ. ಬಳಕೆ ತೀರಾ ಕಡಿಮೆ ಇರುವ ಮನೆಗಳನ್ನು ಬಿಟ್ಟರೆ, 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚು ಬಳಸಿ 200 ಯೂನಿಟ್ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಎಸಿ ಬಿಟ್ಟು ತಿಂಗಳಿಗೆ 80 ಯೂನಿಟ್ ಬಳಕೆ, 2022-23ರ ಸರಾಸರಿಯೂ ಅಷ್ಟೇ. ಅಂದರೆ ಉಚಿತ 88 ಯೂನಿಟ್. ಒಂದೂವರೆ ಟನ್ ಎಸಿ ತಾಸಿಗೆ 0.8 ಯೂನಿಟ್ ತಿನ್ನುತ್ತದೆ ಅಂತ ಹಿಡಿಯೋಣ. ರಾತ್ರಿ ನಾಲ್ಕೂವರೆ ತಾಸು ಹಚ್ಚಿದರೆ ತಿಂಗಳಿಗೆ 108 ಯೂನಿಟ್, ಒಟ್ಟು 188. ಕಟ್ಟಬೇಕಾದ್ದು 100 ಯೂನಿಟ್‌ಗೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 600 ರೂಪಾಯಿ.

ಅದೇ ಎಸಿಗೆ ಧೂಳು ಕಟ್ಟಿದೆ ಅನ್ನಿ. ಕಟ್ಟಿಕೊಂಡ ಫಿಲ್ಟರ್ ಸರಿಪಡಿಸಿದರೆ ಎಸಿಯ ಕರೆಂಟ್ ಖರ್ಚು ಶೇ. 5ರಿಂದ 15ರವರೆಗೆ ಇಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಧೂಳಿನಿಂದ ನಮ್ಮ ಎಸಿ ಬಳಕೆ ಶೇ. 15 ಏರಿದರೆ 108 ಹೋಗಿ 124 ಯೂನಿಟ್ ಆಗುತ್ತದೆ. ಒಟ್ಟು 204. ಗೆರೆ ದಾಟಿತು. ಈಗ 204 ಯೂನಿಟ್‌ಗೂ ಕಟ್ಟಬೇಕು, 1,224 ರೂಪಾಯಿ. ಸ್ಥಿರ ಶುಲ್ಕ, ತೆರಿಗೆ ಇದರಲ್ಲಿ ಸೇರಿಲ್ಲ. ತಾಸು ಹೆಚ್ಚಿಸಿಲ್ಲ, ತಂಪು ಹೆಚ್ಚಾಗಿಲ್ಲ, ಹದಿನಾರು ಯೂನಿಟ್ ಧೂಳು ಬಿಲ್ಲನ್ನು ಎರಡರಷ್ಟು ಮಾಡಿತು.

ರಿಮೋಟ್‌ನ ಮೇಲಿನ ಅಂಕಿಯೂ ಅಷ್ಟೇ ಮುಖ್ಯ. ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಹಚ್ಚಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನುವ ನಿಯಮ ಬಂದದ್ದು ಇದಕ್ಕೇ. 16ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಹಳೇ ಮಾದರಿಯ ಎಸಿ 16ಕ್ಕಿಟ್ಟರೂ 24ಕ್ಕಿಟ್ಟರೂ ಒಂದೇ ಜೋರಿನಲ್ಲಿ ದುಡಿಯುತ್ತದೆ, 16 ಮುಟ್ಟದೆ ನಿಲ್ಲುವುದೇ ಇಲ್ಲ. 25-26ಕ್ಕೆ ಇಟ್ಟು ಮೇಲಿನ ಫ್ಯಾನ್ ಮೆಲ್ಲಗೆ ಹಚ್ಚಿದರೆ ನಿದ್ದೆಗೆ ಸಾಕು.

ಗ್ಯಾಸ್ ನಿಜವಾಗಿ ಸೋರಿದ್ದರೆ?

ಹಾಗಂತ ಗ್ಯಾಸ್ ಎಂದೂ ಕಡಿಮೆ ಆಗುವುದಿಲ್ಲ ಅಂತಲ್ಲ. ಪೈಪಿನ ನಟ್ ಸಡಿಲವಾಗಿರಬಹುದು, ಕಾಯಿಲ್‌ಗೆ ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು. ಗಟಾರದ ಮೇಲೆ, ದನದ ಕೊಟ್ಟಿಗೆ ಅಥವಾ ಶೌಚದ ಗುಂಡಿ ಪಕ್ಕ ಪೆಟ್ಟಿಗೆ ಇಟ್ಟಿದ್ದರೆ ಅಲ್ಲಿಂದ ಏಳುವ ಗಾಳಿಗೆ ತಾಮ್ರ ಬೇಗ ತಿಂದುಹೋಗುತ್ತದೆ.

ಗುರುತು ಹಿಡಿಯುವುದು ಹೀಗೆ. ಎಸಿಯಿಂದ ಗಾಳಿಯೇ ಕಡಿಮೆ ಬರುತ್ತಿದ್ದರೆ ಧೂಳು. ಫಿಲ್ಟರ್ ತೊಳೆದಾಗಿದೆ, ಎರಡೂ ಕಾಯಿಲ್ ಸ್ವಚ್ಛ ಇವೆ, ಗಾಳಿ ಜೋರಾಗಿದೆ, ಹೊರಗಿನ ಪೆಟ್ಟಿಗೆಯೂ ನಡೆಯುತ್ತಿದೆ, ಆದರೂ ತಂಪಿಲ್ಲ ಅಂದರೆ ಗ್ಯಾಸ್ ಮೇಲೆ ಅನುಮಾನ. ಪೈಪಿನ ಮೇಲೆ ಬರ್ಫ ಕಟ್ಟಿದರೆ ‘ಛಲೋ ತಂಪು ಕೊಡಾಕತ್ತೇತಿ’ ಅಂತ ಖುಷಿಪಡಬೇಡಿ. ಅದು ಧೂಳು ಕಟ್ಟಿದ್ದರ ಅಥವಾ ಗ್ಯಾಸ್ ಕಡಿಮೆ ಇದ್ದುದರ ಲಕ್ಷಣ. ಬಂದ್ ಮಾಡಿ ಬರ್ಫ ಕರಗಲಿ, ಫಿಲ್ಟರ್ ತೊಳೀರಿ, ಆಮೇಲೂ ಕಟ್ಟಿದರೆ ಮೆಕ್ಯಾನಿಕ್‌ನನ್ನು ಕರೀರಿ.

ಮೆಕ್ಯಾನಿಕ್ ಬಂದು ಗ್ಯಾಸ್ ಇಲ್ಲ ಅಂದರೆ ಜಗಳ ಬೇಡ, ನಾಲ್ಕು ಮಾತು ಕೇಳ್ರಿ ಸಾಕು. ಗೇಜ್ ಹಚ್ಚಿ ಒತ್ತಡ ಎಷ್ಟಿದೆ ತೋರಿಸ್ರಿ. ಎಲ್ಲಿ ಸೋರುತ್ತಿದೆ ತೋರಿಸ್ರಿ. ಸಾಬೂನು ನೊರೆ ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, ಪತ್ತೆಯಾಗದಿದ್ದರೆ ನೈಟ್ರೋಜನ್ ತುಂಬಿ ನೋಡುವ ಪದ್ಧತಿ ಇದೆ. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚುತ್ತೀರಾ? ಪೈಪಿನಲ್ಲಿ ಗಾಳಿ, ತೇವ ಉಳಿದರೆ ಕಂಪ್ರೆಸರ್‌ಗೇ ಹೊಡೆತ. ಕೊನೆಗೆ, ಗ್ಯಾಸನ್ನು ತೂಕ ಮಾಡಿ ಹಾಕುತ್ತೀರಾ? ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಹೊರಗಿನ ಪೆಟ್ಟಿಗೆಯ ಚೀಟಿಯ ಮೇಲೆ ಬರೆದಿರುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಈ ಮಾತಿಗೆ ಸಿಟ್ಟಾಗುವುದಿಲ್ಲ, ಅವರು ಮಾಡುವುದೇ ಹೀಗೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದಂತೆ.

ಈಗಿನ ಎಸಿಗಳಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ, ಕೆಲವುಗಳಲ್ಲಿ ಆರ್-290. ಆರ್-290 ಅಂದರೆ ಪ್ರೊಪೇನ್, ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಹೊತ್ತುವಂಥದ್ದೇ. ಗ್ಯಾಸ್ ಕೆಲಸ ನಡೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ, ಬೀಡಿ, ಸಿಗರೇಟು, ದೀಪ ಹತ್ತಿರ ಬೇಡ. ಹಳೇ ಎಸಿಗಳ ಆರ್-22 ಓಝೋನ್ ಪದರಕ್ಕೆ ಕೆಡುಕು ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದಂತೆ ನಮ್ಮ ದೇಶವೂ ಅದನ್ನು ಹಂತಹಂತವಾಗಿ ಕೈಬಿಡುತ್ತಿದೆ. ಹಾಗಾಗಿ ಅಂಥ ಎಸಿಗೆ ದೊಡ್ಡ ರಿಪೇರಿ ಬಂದರೆ ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸ್ರಿ. ಒಂದು ಗ್ಯಾಸಿನ ಎಸಿಗೆ ಇನ್ನೊಂದು ಗ್ಯಾಸ್ ತುಂಬಿಸಲು ಮಾತ್ರ ಒಪ್ಪಬೇಡಿ.

ವೋಲ್ಟೇಜ್, ವೈರ್, ಅರ್ಥಿಂಗ್

‘ಇನ್ವರ್ಟರ್ ಎಸಿ’ ಅಂದರೆ ಮನೆಯ ಬ್ಯಾಟರಿ ಇನ್ವರ್ಟರ್ ಮೇಲೆ ನಡೆಯುವ ಎಸಿ ಅಂತ ತಿಳಿದು ಕೊಂಡವರಿದ್ದಾರೆ. ಅದಲ್ಲ. ಹಳೇ ಎಸಿಯ ಕಂಪ್ರೆಸರ್ ಪೂರ್ತಿ ಜೋರಿನಲ್ಲಿ ನಡೆಯುತ್ತದೆ, ಇಲ್ಲವೇ ನಿಲ್ಲುತ್ತದೆ. ಇನ್ವರ್ಟರ್ ಎಸಿಯದ್ದು ಬೇಕಾದಷ್ಟೇ ವೇಗದಲ್ಲಿ ತಿರುಗುತ್ತದೆ. ಅದರಿಂದ ಕರೆಂಟ್ ಉಳಿತಾಯ. ಆದರೆ ಅದರೊಳಗಿನ ಬೋರ್ಡ್ ನಾಜೂಕು, ಕೆಟ್ಟರೆ ಖರ್ಚೂ ಜಾಸ್ತಿ.

ಎಸಿ ಎಷ್ಟು ವೋಲ್ಟೇಜ್‌ನಿಂದ ಎಷ್ಟರವರೆಗೆ ತಾಳುತ್ತದೆ ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಓಣಿಯಲ್ಲಿ ಸಂಜೆ ಹೊತ್ತು ವೋಲ್ಟೇಜ್ ಅದಕ್ಕಿಂತ ಕೆಳಗೆ ಬೀಳುತ್ತಿದ್ದರೆ, ಲೈನಿನ ಕೊನೆಗಿರುವ ಮನೆಗಳಲ್ಲಿ ಹೀಗಾಗುತ್ತದೆ, ಸ್ಟೆಬಿಲೈಸರ್ ಬೇಕೇ ಬೇಕು. ಕರೆಂಟ್ ಹೋಗಿ ಬಂದಾಗ ಮೂರು ನಿಮಿಷ ತಡೆದು ಹಚ್ಚ್ರಿ.

ಒಂದೂವರೆ ಟನ್ ಎಸಿಗೆ ಬೋರ್ಡ್‌ನಿಂದ ನೇರವಾಗಿ ಬಂದ 4 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೇ ಪ್ರತ್ಯೇಕ 20 ಆಂಪ್ ಎಂಸಿಬಿ ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಎಸಿ ಚುಚ್ಚುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಪ್ಲಗ್ ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅವತ್ತೇ ಬಂದ್ ಮಾಡ್ರಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲಿ ಇರುತ್ತದೆ, ಎಸಿ ಹಾಕುವ ಮುಂಚೆ ನೋಡ್ಕೊಳ್ರಿ.

ಅರ್ಥಿಂಗ್ ವಿಷಯದಲ್ಲಿ ಎರೆ ಭೂಮಿಯವರು ಇನ್ನಷ್ಟು ಜೋಕೆ ಇರಬೇಕು. ತೇವ ಇದ್ದಾಗ ಎರೆಮಣ್ಣು ಅರ್ಥಿಂಗ್‌ಗೆ ಒಳ್ಳೆಯದು. ಬ್ಯಾಸಗಿಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಬ್ಬಿಣದ ಪೈಪಿನಿಂದ ದೂರ ಸರಿಯುತ್ತದೆ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಎಸಿ ಮೈ ಮುಟ್ಟಿದರೆ ಜುಮ್ ಅನ್ನುವುದು ಆಗಲೇ. ಬ್ಯಾಸಗಿ ಇಡೀ ಅರ್ಥಿಂಗ್ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕ್ರಿ. ವೋಲ್ಟೇಜ್ ಏರುಪೇರು, ಲೈನ್ ತೊಂದರೆ ಇದ್ದರೆ ಹೆಸ್ಕಾಂ ಸಹಾಯವಾಣಿ 1912.

ಅಂಗಡಿಯವರು ಕೇಳ್ರಿ

ಶಟರ್ ಪೂರ್ತಿ ತೆರೆದಿಟ್ಟು ಎಸಿ ಹಚ್ಚಿದರೆ ಬಜಾರಿನ ಶಾಖವನ್ನೆಲ್ಲ ಎತ್ತುವ ಕೆಲಸ ಅದರ ತಲೆ ಮೇಲೆ ಬೀಳುತ್ತದೆ. ಗಾಜಿನ ಬಾಗಿಲು ಇಲ್ಲದ ಕಿರಾಣಿ, ಬಟ್ಟೆ ಅಂಗಡಿಗಳಿಗೆ ನವಲಗುಂದ, ಅಣ್ಣಿಗೇರಿಯ ಒಣ ಬ್ಯಾಸಗಿಯಲ್ಲಿ ನೀರಿನ ಕೂಲರ್ರೇ ವಾಸಿ. ಅದು ಹರವಿಯಂತೆ ನೀರನ್ನು ಆವಿ ಮಾಡಿ ತಂಪು ಕೊಡುತ್ತದೆ, ಕರೆಂಟ್ ಖರ್ಚು ಬಹಳ ಕಡಿಮೆ. ಕಲಘಟಗಿಯ ತೇವದ ಗಾಳಿಯಲ್ಲಿ ಕೂಲರ್ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ಎಸಿಯ ‘ಡ್ರೈ’ ಗುಂಡಿ ಒತ್ತಿದರೆ ಅದು ಮುಖ್ಯವಾಗಿ ಗಾಳಿಯ ತೇವ ತೆಗೆಯುತ್ತದೆ. ಅಂದಹಾಗೆ 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎಸಿ ರೂಪಿಸಿದ್ದು ಜನರ ಸಲುವಾಗಿ ಅಲ್ಲ, ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಸರಿ ಕೂರುತ್ತಿರಲಿಲ್ಲ ಅಂತ.

ಕೂಲರ್, ಎಸಿ ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಒಂದು ತೇವ ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ. ಅಂಗಡಿ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಅದು ಮನೆಗೆ ಮಾತ್ರ. ಹೀಗಾಗಿ ಅಂಗಡಿ ಎಸಿಯ ಪ್ರತಿ ಯೂನಿಟ್ಟೂ ನಿಮ್ಮ ಗಲ್ಲಾದಿಂದಲೇ ಹೋಗುತ್ತದೆ. ಇನ್ನೊಂದು, ಗೋಡೆಯ ಎಸಿ ಹೊರಗಿನ ಗಾಳಿ ಒಳಗೆ ತರುವುದಿಲ್ಲ. ಬಾಗಿಲು ಹಾಕಿದ ಅಂಗಡಿಯೊಳಗೆ ಜನರೇಟರ್ ಹಚ್ಚಿದರೆ ಅದರ ಹೊಗೆ ಜೀವ ತೆಗೆಯುತ್ತದೆ, ಅದು ಯಾವತ್ತೂ ಹೊರಗೇ ಇರಲಿ.

ಹೊಸದು ಕೊಳ್ಳುವವರಿಗೆ

ಎಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹತ್ತು ಅಡಿಗೆ ಹತ್ತು ಅಡಿ ಕೋಣೆಗೆ ಒಂದು ಟನ್ ಸಾಕು, ಹತ್ತಕ್ಕೆ ಹದಿನೈದು ಇದ್ದರೆ ಒಂದೂವರೆ. ಟನ್ ಅಂದರೆ ಎಸಿಯ ತೂಕವಲ್ಲ, ಒಂದು ಟನ್ ಬರ್ಫ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಎತ್ತುವ ಶಕ್ತಿ. ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದು 1,600 ತಾಸಿನ ಲೆಕ್ಕ. ಎರಡು ಎಸಿಗಳ ಆ ಅಂಕಿಗಳನ್ನು ಹೋಲಿಸಿ ಕೊಳ್ರಿ.

ನಮ್ಮ ಹಿರಿಯರ ಮೇಲ್ಮುದ್ದೆ ಮನೆಗಳ ದಪ್ಪ ಮಣ್ಣಿನ ಮಾಳಿಗೆ ಮಧ್ಯಾಹ್ನದ ಬಿಸಿಲನ್ನು ಕೆಳಗೆ ಬಿಡುತ್ತಿರಲಿಲ್ಲ. ಈಗಿನ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಅದೇ ಶಾಖವನ್ನು ಕೋಣೆಗೆ ಇಳಿಸುತ್ತದೆ. ಸ್ಲ್ಯಾಬ್ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದರೆ, ಪಡುವಣ ಕಿಟಕಿಗೆ ಪರದೆ ಹಾಕಿದರೆ ಎಸಿಯ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಕೊಂಡ ಬಿಲ್ಲು, ವಾರಂಟಿ ಕಾರ್ಡ್, ಪ್ರತಿ ಸರ್ವಿಸ್‌ನ ಚೀಟಿ ಒಂದೇ ಕಡೆ ಇಟ್ಟಿರ್ರಿ. ಗ್ಯಾಸ್ ಹಾಕಿಸಿದರೆ ಯಾವ ಗ್ಯಾಸ್, ಎಷ್ಟು ಗ್ರಾಂ, ಎಲ್ಲಿ ಸೋರಿತ್ತು ಅಂತ ಬಿಲ್ಲಿನಲ್ಲಿ ಬರೆಸ್ಕೊಳ್ರಿ. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಅಲ್ಲಿ ಕೆಲಸಕ್ಕೆ ಬರುವುದು ನಿಮ್ಮ ಕೈಯಲ್ಲಿರುವ ಆ ಚೀಟಿಯೇ.

ಈ ಸಲ ಎಸಿ ತಂಪು ಕೊಡದಿದ್ದರೆ ಫೋನ್ ಎತ್ತುವ ಮುಂಚೆ ಮುಚ್ಚಳ ಎತ್ತಿ ಫಿಲ್ಟರ್ ನೋಡ್ರಿ. ತೊಳೆದು, ಒಣಗಿಸಿ, ಹಾಕಿ, ಅರ್ಧ ತಾಸು ನಡೆಸಿ ನೋಡ್ರಿ. ಅಷ್ಟಾದ ಮೇಲೂ ತಂಪಿಲ್ಲ ಅಂದರೆ ಮೆಕ್ಯಾನಿಕ್‌ಗೆ ಹೇಳಬೇಕಾದ್ದು ‘ಗ್ಯಾಸ್ ತುಂಬ್ರಿ’ ಅಂತಲ್ಲ, ‘ಎಲ್ಲಿ ಸೋರಾಕತ್ತೇತಿ ನೋಡ್ರಿ’ ಅಂತ.